ಒಂದು ದಿನದ ಮದುಮಗಳು

ಯೀಜೆನ್ ಮೊದಲ ಸಲ "ಅಮ್ಮ, ನಂಗೆ ಹುಡುಗೀರು ಇಷ್ಟ" ಎಂದು ಹೇಳಿದಾಗ ಯುಲ್ವಾನ್ ತಿಂಗಳುಗಟ್ಟಲೆ ಅತ್ತಿದ್ದಳು. ಸಿಂಪಿಯ ಚಿಪ್ಪು ಬಿಡಿಸುವಾಗ ಅತ್ತಳು, ಅಕ್ಕಿ ತೊಳೆಯುವಾಗ ಅತ್ತಳು, ಮಾಜು ದೇವಿಯ ಗುಡಿಯಲ್ಲಿ ಊದುಬತ್ತಿ ಹಿಡಿದು ನಿಂತು ಅತ್ತಳು. ಆಮೇಲೆ ಒಂದು ದಿನ ಅಳು ತಾನಾಗಿ ನಿಂತಿತು. ಬುದಾಯ್ ಬಂದರಿನ ಸಿಂಪಿ ಶೆಡ್ಡಿನಲ್ಲಿ ಹೆಂಗಸರು ಗುಸುಗುಸು ನಡೆಸಿದ್ದಾಗ ಕೈಲಿದ್ದ ಚಾಕು ಕೆಳಗಿಟ್ಟು, "ಹೌದು ಕಣ್ರೇ, ನನ್ನ ಮಗಳಿಗೆ ಹುಡುಗೀನೇ ಬೇಕಂತೆ. ಅದಕ್ಕೇನೀಗ? ನಿಮ್ಮನೆ ಬಾಗಿಲಿಗೆ ಗಂಡು ಕೇಳೋಕೆ ಬರಲ್ಲ ಬಿಡಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು. ಅಂಥ ಮದುವೆಗೂ ತೈವಾನಿನಲ್ಲಿ ಕಾನೂನು ಬಂದ ವರ್ಷ ಮಗಳ ಗೆಳತಿ ಶಿನ್‌ರೂ ಹೊಸ ವರ್ಷದ ಊಟಕ್ಕೆ ಬಂದಿದ್ದಳು. ಯುಲ್ವಾನ್ ಅವಳ ಬಟ್ಟಲಿಗೆ ಸೊಸೆಗೆ ಬಡಿಸುವಂತೆ ಬಡಿಸಿದ್ದಳು. ಎರಡು ವರ್ಷ ಕಳೆದು ಅವರಿಬ್ಬರೂ ಬೇರೆಯಾದಾಗ ಮಗಳಿಗಿಂತ ಹೆಚ್ಚು ನೊಂದವಳು ಇವಳೇ.

ಎರಡನೆಯ ಸಲ ಹೇಳಿದಾಗ ಅವಳಿಗೆ ಅಳು ಬರಲಿಲ್ಲ.

ಶರತ್ಕಾಲದ ಹುಣ್ಣಿಮೆ ಕಳೆದ ವಾರ ಅದು. ಯೀಜೆನ್ ತೈಚುಂಗ್ ನಗರದಲ್ಲಿ ಏಸಿ ರಿಪೇರಿ ಕೆಲಸ ಮಾಡುತ್ತಿದ್ದ. ಹಲವು ತಿಂಗಳಿಂದ ಮನೆ ಕಡೆ ತಲೆ ಹಾಕಿರಲಿಲ್ಲ. ಫೋನು ಮಾಡಿದಾಗಲೆಲ್ಲ ದನಿ ಒಡೆದಂತಿತ್ತು, ಕೇಳಿದರೆ ಶೀತ ಎನ್ನುತ್ತಿದ್ದ. ಆ ಭಾನುವಾರ ಬಂದವನ ಮೇಲ್ದುಟಿಯ ಮೇಲೆ ತೆಳ್ಳಗೆ ಮೀಸೆ. ಪಕ್ಕದಲ್ಲಿ ಕೇಕಿನ ಡಬ್ಬಿ ಹಿಡಿದುಕೊಂಡ, ದುಂಡು ಮುಖದ ಒಬ್ಬ ಹುಡುಗ.

ಮೇಜಿನ ಮೇಲೆ ಹುರಿದ ಹೂಮೀನು, ಸಿಂಪಿ ಹಾಕಿದ ಶ್ಯಾವಿಗೆ ಸಾರು, ಬೆಳ್ಳುಳ್ಳಿ ಒಗ್ಗರಣೆಯ ಸೊಪ್ಪು ಇದ್ದವು. ಅಪ್ಪ ಚಿಂಗ್‌ಫಾ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅಜ್ಜಿಗೆ ಕಿವಿ ಸ್ವಲ್ಪ ಮಂದ, ಅವಳು ಟಿವಿ ಕಡೆ ತಿರುಗಿ ಕೂತಿದ್ದಳು.

"ನಾನು ಹುಡುಗಿ ಅಲ್ಲ," ಎಂದ ಯೀಜೆನ್. "ಚಿಕ್ಕಂದಿನಿಂದ್ಲೂ ಅಲ್ಲ. ಹೇಳೋಕೆ ಬರ್ತಿರ್ಲಿಲ್ಲ ಅಷ್ಟೆ. ಈಗ ಡಾಕ್ಟರ ಹತ್ರ ಇಂಜೆಕ್ಷನ್ ತಗೊಳ್ತಿದೀನಿ. ನಾನು ಗಂಡಸು. ಇವನು ಪೋಯೆನ್. ಬೇಕರೀಲಿ ಕೆಲಸ. ನಾವಿಬ್ರೂ ಒಟ್ಟಿಗಿದೀವಿ."

ಚಿಂಗ್‌ಫಾ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟ. "ಒಟ್ಟಿಗೆ ಅಂದ್ರೆ?"

"ಮದುವೆ ಆಗೋಣ ಅಂತಿದೀವಿ ಅಂಕಲ್," ಎಂದ ಪೋಯೆನ್.

"ಇವನು ಗಂಡಸು ತಾನೆ?"

"ಹೌದಪ್ಪ."

"ನೀನು ಹೆಂಗಸರನ್ನ ಇಷ್ಟಪಡ್ತೀನಿ ಅಂದಿದ್ದೆ."

"ಆಗ ಅದು ನಿಜವೇ. ಶಿನ್‌ರೂನ ಪ್ರೀತಿಸಿದ್ದು ಸುಳ್ಳಲ್ಲ. ಈಗ ಇವನು."

"ಗಂಡಸೇ ಬೇಕು ಅಂತಿದ್ರೆ," ಚಿಂಗ್‌ಫಾನ ದನಿ ಏರಿತು, "ಹುಡುಗಿಯಾಗೇ ಇರಬಹುದಿತ್ತಲ್ಲ! ದೇವರು ಕೊಟ್ಟಿದ್ದು ಹಾಗೇ ಇತ್ತಲ್ಲ! ಇಷ್ಟೆಲ್ಲ ಸುತ್ತಿ ಬಳಸಿ ಬರೋ ಅಗತ್ಯ ಏನಿತ್ತು?"

"ಅಪ್ಪ, ನಾನು ಯಾರು ಅನ್ನೋದು ಒಂದು. ನಂಗೆ ಯಾರು ಇಷ್ಟ ಅನ್ನೋದು ಇನ್ನೊಂದು. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸ್ಬೇಡಿ."

"ನಂಗೆ ಪಾಠ ಹೇಳ್ಬೇಡ." ಚಿಂಗ್‌ಫಾ ಎದ್ದು ಬಾಗಿಲ ಬಳಿಯ ರಬ್ಬರ್ ಬೂಟು ಹಾಕಿಕೊಂಡು ದೋಣಿ ಕಡೆ ಹೊರಟುಹೋದ. ಅವನ ಬಟ್ಟಲಲ್ಲಿ ಅರ್ಧ ಮೀನು ಹಾಗೇ ಉಳಿಯಿತು.

ಅಜ್ಜಿ ಟಿವಿಯಿಂದ ತಿರುಗಿ ಕೇಳಿದಳು: "ಏನಂತೆ?"

"ಏನಿಲ್ಲ ಅತ್ತೆ," ಎಂದಳು ಯುಲ್ವಾನ್. "ಮದುವೆಯಂತೆ."

"ಯಾರದ್ದು?"

ಯುಲ್ವಾನ್ ಎದ್ದು ಸಾರು ಬಿಸಿ ಮಾಡಲು ಹೋದಳು. ಒಲೆಯ ಮುಂದೆ ನಿಂತು ಕಾದಳು. ಏನೋ ಒಂದು ಒಳಗಿಂದ ಬರಬೇಕಿತ್ತು. ಬರಲಿಲ್ಲ. ಸಾರು ಕುದಿಯಿತು, ಗ್ಯಾಸ್ ಆರಿಸಿದಳು.

ಅಂದಿನಿಂದ ಅವಳ ಮಾತೇ ಬದಲಾಯಿತು. ಫೋನಿನಲ್ಲಿ "ಕಣೇ" ಎನ್ನುವುದನ್ನು ಬಿಟ್ಟಳು, "ಕಣೋ" ಎನ್ನಲು ನಾಲಿಗೆ ಏಳಲಿಲ್ಲ. "ಊಟ ಆಯ್ತಾ? ಚಳಿ ಇದೆಯಾ? ಕೆಲಸ ಹೇಗಿದೆ?" ಎಂದು ಹೆಣ್ಣು ಗಂಡು ಎರಡಕ್ಕೂ ತಗುಲದಂಥ ಮಾತುಗಳನ್ನೇ ಹುಡುಕಿ ಆಡಿದಳು. ಯೀಜೆನ್ ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಪ್ರತಿ ವಾರ ಬಂದ. ಪ್ರತಿ ಸಲವೂ ಪೋಯೆನ್ ಜೊತೆಗಿರುತ್ತಿದ್ದ.

ಅಪ್ಪ ಮಾತು ಬಿಟ್ಟಿದ್ದರೂ ಮನೆ ಕೆಲಸ ನಿಲ್ಲಲಿಲ್ಲ. ಚಳಿಗಾಲದ ಸಿಂಪಿಗೆ ಬೇಡಿಕೆ ಹೆಚ್ಚು. ಅಂಗಳದಲ್ಲಿ ರಾಶಿ ಬಿದ್ದ ಚಿಪ್ಪುಗಳ ಮುಂದೆ ಸಣ್ಣ ಮಣೆ ಹಾಕಿಕೊಂಡು ಎಲ್ಲರೂ ಕೂರುತ್ತಿದ್ದರು. ಪೋಯೆನ್‌ಗೆ ಅಜ್ಜಿಯೇ ಚಾಕು ಹಿಡಿಯಲು ಕಲಿಸಿದಳು. ಅಜ್ಜಿಗೆ ವಿಷಯವನ್ನು ಯೀಜೆನ್‌ನೇ ಕಿವಿಯ ಹತ್ತಿರ ಬಾಗಿ, ಜೋರಾಗಿ ಹೇಳಿದ್ದ. ಪಕ್ಕದ ಮನೆಗೂ ಕೇಳಿಸಿರಬೇಕು.

"ಅಂದ್ರೆ ನೀನೀಗ ನನ್ನ ಮೊಮ್ಮಗ," ಎಂದಳು ಅಜ್ಜಿ.

"ಹೂಂ ಅಜ್ಜಿ."

"ಇಷ್ಟು ವರ್ಷ ಮೊಮ್ಮಗ ಬೇಕು ಮೊಮ್ಮಗ ಬೇಕು ಅಂತ ಮಾಜು ತಾಯಿಗೆ ಹರಕೆ ಹೊತ್ತೆ. ಈಗ ಕೊಟ್ಟಿದಾಳೆ ನೋಡು, ನನಗೆ ಹಲ್ಲೆಲ್ಲ ಉದುರಿದ ಮೇಲೆ." ಅಜ್ಜಿ ಪೋಯೆನ್ ಕಡೆ ಗದ್ದ ಎತ್ತಿದಳು. "ಇವನ್ಯಾರು ಹಾಗಾದ್ರೆ? ಸೊಸೆಯಾ?"

"ಸೊಸೆ ಅಂತಲೇ ಅನ್ನಿ ಅಜ್ಜಿ," ಎಂದ ಪೋಯೆನ್.

"ಸೊಸೆ ಆದ್ರೆ ಇಷ್ಟು ನಿಧಾನಕ್ಕೆ ಬಿಡಿಸಿದ್ರೆ ಆಗಲ್ಲ. ಕೈ ಆಡ್ಸು."

ಯುಲ್ವಾನ್ ಇದನ್ನೆಲ್ಲ ಕೇಳುತ್ತ ಚಿಪ್ಪಿನ ಅಂಚಿಗೆ ಚಾಕು ತೂರಿಸಿ ತಿರುವುತ್ತಿದ್ದಳು. ನಗಬೇಕು ಎಂದು ಗೊತ್ತಿತ್ತು. ನಗು ತುಟಿಯವರೆಗೂ ಬರುತ್ತಿರಲಿಲ್ಲ. ತಣ್ಣೀರಿನಲ್ಲಿ ಬೆರಳು ಮರಗಟ್ಟಿದ ಹಾಗೆ ಮೈಯೆಲ್ಲ ಮರಗಟ್ಟಿತ್ತು.

ಶೆಡ್ಡಿನಲ್ಲಿ ಶೂಮೇ ಅವಳ ಪಕ್ಕದಲ್ಲೇ ಕೂರುವವಳು. ಒಂದು ಬೆಳಗ್ಗೆ ಕೇಳಿಯೇ ಬಿಟ್ಟಳು: "ಯುಲ್ವಾನಕ್ಕ, ನಿಮ್ಮ ಯೀಜೆನ್ ಜೊತೆ ಒಬ್ಬ ಹುಡುಗ ಬರ್ತಾನಂತೆ? ಅಂತೂ ಬುದ್ಧಿ ಬಂತು ಅನ್ನಿ!"

ಯುಲ್ವಾನ್ ಬಾಯಿ ತೆರೆದಳು. ಆ ಸಲ ಚಾಕು ಕೆಳಗಿಟ್ಟು ಎದ್ದು ನಿಂತಿದ್ದಳಲ್ಲ, ಈ ಸಲ ಏಳುವ ಶಕ್ತಿ ಇರಲಿಲ್ಲ. "ಹೂಂ," ಎಂದಳು, "ಮದುವೆ ಮಾಡ್ಬೇಕು."

ಹಾಗೆ ಬಾಯಿಂದ ಬಿದ್ದ ಮಾತು ಮನೆಗೆ ಬರುವಷ್ಟರಲ್ಲಿ ಒಂದು ಉಪಾಯವಾಗಿ ಬೆಳೆದಿತ್ತು. ಮುಂದಿನ ಭಾನುವಾರ ಇಬ್ಬರನ್ನೂ ಅಡಿಗೆಮನೆಯಲ್ಲಿ ನಿಲ್ಲಿಸಿಕೊಂಡು, ಎಲೆಕೋಸು ಹೆಚ್ಚುತ್ತ ಹೇಳಿದಳು.

"ಗುರುತಿನ ಚೀಟೀಲಿ ಇನ್ನೂ ಹೆಣ್ಣು ಅಂತಲೇ ಇದೆ ತಾನೆ?"

"ಆಪರೇಷನ್ ಆಗದೆ ಬದಲಾಯ್ಸಲ್ಲ ಅಂತಾರೆ. ಯಾಕಮ್ಮ?"

"ಹಾಗಾದ್ರೆ ಸರಕಾರದ ಲೆಕ್ಕದಲ್ಲಿ ನಿಮ್ಮದು ಎಲ್ಲರ ಥರದ್ದೇ ಮದುವೆ. ಹೆಣ್ಣು ಗಂಡು. ಒಂದೇ ಒಂದು ದಿನ. ಗೌನು ಹಾಕ್ಕೊಂಡು ಶಾಮಿಯಾನದಲ್ಲಿ ನಿಂತ್ಕೊಂಡ್ರೆ ಸಾಕು. ನೆಂಟರು ಬರ್ತಾರೆ, ಉಣ್ತಾರೆ, ಹೋಗ್ತಾರೆ. ಅಪ್ಪಾನೂ ಮಾತಾಡ್ತಾರೆ. ಮಾರನೇ ದಿನದಿಂದ ಮೀಸೆ ಬಿಡಿ, ಗಡ್ಡ ಬಿಡಿ, ನಾನು ಒಂದು ಮಾತೂ ಆಡಲ್ಲ."

"ಆಂಟಿ, ಅದು..." ಎಂದು ಪೋಯೆನ್ ಶುರು ಮಾಡಿದ.

"ನೀನು ಸುಮ್ನಿರು." ಯುಲ್ವಾನ್ ಕೋಸನ್ನೇ ನೋಡುತ್ತಿದ್ದಳು. "ಒಂದ್ಸಲ ಊರಿಗೆಲ್ಲ ಹೇಳಿದೀನಿ. ಬೈಸ್ಕೊಂಡಿದೀನಿ. ಇನ್ನೊಂದ್ಸಲ ಮೊದಲಿಂದ ಹೇಳೋಕೆ ನನ್ನ ಕೈಲಾಗಲ್ಲ."

ಯೀಜೆನ್ ಕೆಳಗೆ ಬಿದ್ದ ಕೋಸಿನ ಎಲೆಯೊಂದನ್ನು ಎತ್ತಿಟ್ಟ. ಆಮೇಲೆ, "ಆಯ್ತು" ಎಂದ.

ಪೋಯೆನ್ ಅವನ ಮುಖ ನೋಡಿದ. "ಆಯ್ತಾ? ಏನ್ ಆಯ್ತು?"

"ಒಂದು ದಿನ ತಾನೆ. ಆಯ್ತು."

ಅವರಿಬ್ಬರೂ ಆಚೆ ಹೋಗಿ ಸ್ಕೂಟರ್ ಪಕ್ಕದಲ್ಲಿ ನಿಂತು ಜಗಳ ಆಡಿದ್ದು ಕಿಟಕಿಯಿಂದ ಕಾಣುತ್ತಿತ್ತು. ಪೋಯೆನ್ ಕೈ ಬೀಸಿ ಬೀಸಿ ಮಾತಾಡುತ್ತಿದ್ದ, ಯೀಜೆನ್ ಜೇಬಿನಲ್ಲಿ ಕೈ ಹಾಕಿಕೊಂಡು ನೆಲ ನೋಡುತ್ತಿದ್ದ. ಯುಲ್ವಾನ್ ಕೋಸು ಹೆಚ್ಚಿ ಮುಗಿಸಿದಳು.

ಪಂಚಾಂಗ ನೋಡಿ ವರ್ಷದ ಕೊನೆಯ ತಿಂಗಳಲ್ಲಿ ಒಂದು ಒಳ್ಳೆಯ ದಿನ ಹಿಡಿದರು. ಅಡಿಗೆಯವನಿಗೆ ಹೇಳಿದ್ದಾಯಿತು. ರಸ್ತೆಯಲ್ಲೇ ಶಾಮಿಯಾನ ಹಾಕಿ ಮೇಜು ಜೋಡಿಸುವುದೆಂದಾಯಿತು. ಕಾವ್‌ಶಿಯುಂಗಿನಲ್ಲಿದ್ದ ಚಿಂಗ್‌ಫಾನ ಅಕ್ಕ ಬೀಯುನ್ ಫೋನು ಮಾಡಿ, "ನೋಡಿದ್ಯಾ ಯುಲ್ವಾನ್, ನಾನು ಹೇಳ್ತಿರ್ಲಿಲ್ವಾ? ವಯಸ್ಸಿಗೆ ಬಂದ್ರೆ ಎಲ್ಲಾ ಸರಿಹೋಗತ್ತೆ" ಎಂದಳು. ಚಿಂಗ್‌ಫಾ ತಿಂಗಳ ನಂತರ ಯೀಜೆನ್ ಮುಂದೆ ಬಾಯಿಬಿಟ್ಟ. ಹೇಳಿದ್ದು ಇಷ್ಟೇ: "ಉಪ್ಪು ಈ ಕಡೆ ಕೊಡು."

ಯುಲ್ವಾನ್‌ಗೆ ಇದು ಗೆಲುವು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ.

ಗೌನು ನೋಡಲು ಯುಲ್ವಾನ್, ಯೀಜೆನ್ ಇಬ್ಬರೇ ಜಿಯಾಯಿ ಪೇಟೆಗೆ ಹೋದರು. ಆ ಬೆಳಗ್ಗೆ ಯೀಜೆನ್ ಮೀಸೆ ಬೋಳಿಸಿಕೊಂಡಿದ್ದ. ತುಟಿಯ ಮೇಲೆ ಬ್ಲೇಡು ತಾಗಿದ ಸಣ್ಣ ಗಾಯ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕೇಳಿದ್ದಕ್ಕೆಲ್ಲ "ಆಯ್ತು" ಎನ್ನುತ್ತ ಬಂದ.

ಅಂಗಡಿಯವಳು ಲವಲವಿಕೆಯ ಹೆಂಗಸು. "ಬಾಮ್ಮ ಬಾ, ಎತ್ತರ ಚೆನ್ನಾಗಿದೆ, ಗೌನಿಗೆ ಹೇಳಿ ಮಾಡಿಸಿದ ಮೈಕಟ್ಟು. ಕೂದಲು ಗಿಡ್ಡ ಇದ್ರೇನಂತೆ, ಈಗ ಅದೇ ಫ್ಯಾಶನ್ನು." ಯೀಜೆನ್ ಬಾಯಿ ತೆರೆದು "ಆಯ್ತು" ಎಂದಾಗ ಆ ದಪ್ಪ ದನಿಗೆ ಅವಳು ಒಂದು ಕ್ಷಣ ತಡೆದಳು. "ಗಂಟಲು ಕಟ್ಟಿದೆಯಾ? ಬಿಸಿನೀರು ಕೊಡ್ಲಾ?" ಎಂದು ತಾನೇ ದಾರಿ ಹುಡುಕಿಕೊಂಡಳು.

ಪರದೆಯ ಹಿಂದೆ ಎದೆ ಚಪ್ಪಟೆಯಾಗಿ ಕಾಣಲು ಬಿಗಿದ ಪಟ್ಟಿ ತೆಗೆಯಬೇಕು ಎಂದಿದ್ದಕ್ಕೂ ಅವನು ಆಯ್ತು ಎಂದ. ಯುಲ್ವಾನ್ ಹೊರಗೆ ಕುರ್ಚಿಯಲ್ಲಿ ಕೂತು, ಕೊಟ್ಟ ಚಹಾ ಕುಡಿಯದೆ ಹಿಡಿದುಕೊಂಡಿದ್ದಳು.

ಪರದೆ ಸರಿಯಿತು.

ಗೌನು ಕೆಂಪಗಿತ್ತು, ಚಿನ್ನದ ದಾರದ ಹೂಗಳು. ತಪ್ಪು ಹೇಳುವ ಹಾಗಿರಲಿಲ್ಲ. ಮಗಳ ಮದುವೆ ಎಂದು ಅವಳು ಯಾವತ್ತೋ ಕಲ್ಪಿಸಿಕೊಂಡದ್ದು ಹೆಚ್ಚುಕಡಿಮೆ ಹೀಗೇ ಇತ್ತು. ಆದರೆ ಅದರೊಳಗೆ ನಿಂತವನು ನಿಂತ ರೀತಿ ಮಾತ್ರ ಬೇರೆ. ಎರಡು ಕೈಗಳೂ ಯಾರದ್ದೋ ಎಂಬಂತೆ ಜೋತು ಬಿದ್ದಿದ್ದವು. ಕಣ್ಣು ಕನ್ನಡಿಯ ಮೇಲಿತ್ತು, ಕನ್ನಡಿಯೊಳಗೆ ಯಾರನ್ನೂ ನೋಡುತ್ತಿರಲಿಲ್ಲ.

ಅಂಗಡಿಯವಳು ಬೆನ್ನ ಹಿಂದೆ ಬಟ್ಟೆ ಹಿಡಿದು ಗುಂಡುಪಿನ್ನು ಚುಚ್ಚುತ್ತಿದ್ದಳು. "ಸ್ವಲ್ಪ ನಗಮ್ಮ. ಅಮ್ಮ ನೋಡ್ತಿದಾರೆ."

ಯೀಜೆನ್ ನಕ್ಕ. ಫೋಟೋ ತೆಗೆಯುವವನು ಹೇಳಿದ ಹಾಗೆ.

"ಬಿಗಿ ಆಯ್ತಾ?" ಎಂದು ಯುಲ್ವಾನ್ ಕೇಳಿದಳು.

"ಗೊತ್ತಾಗ್ತಿಲ್ಲ."

ಅವಳು ಎದ್ದು ಹತ್ತಿರ ಹೋಗಿ ಹಿಂದಕ್ಕೆ ಸುತ್ತಿ ಬಂದಳು. ಭುಜದ ಕೆಳಗೆ ಒಂದು ಪಿನ್ನು ಬಟ್ಟೆ ದಾಟಿ ಚರ್ಮದೊಳಕ್ಕೇ ಇಳಿದಿತ್ತು. ಸುತ್ತ ರಕ್ತ ಕಾಣಿಸಿಕೊಂಡು, ಒಂದು ಹನಿ ಬೆನ್ನಿನ ಮೇಲೆ ಸಣ್ಣಗೆ ಇಳಿಯುತ್ತಿತ್ತು.

"ಚುಚ್ತಿಲ್ವಾ?"

"ಏನು?"

"ಇಲ್ಲಿ. ಪಿನ್ನು. ನೋಯ್ತಿಲ್ವಾ?"

"ಗೊತ್ತಾಗ್ತಿಲ್ಲಮ್ಮ," ಎಂದ ಯೀಜೆನ್. ಸುಳ್ಳು ಹೇಳುತ್ತಿರಲಿಲ್ಲ. "ಇದನ್ನ ಹಾಕ್ಕೊಂಡಾಗಿಂದ ಮೈ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ."

ಅಂಗಡಿಯವಳು "ಅಯ್ಯೋ, ಅಯ್ಯೋ" ಎಂದು ಹತ್ತಿ ತರಲು ಓಡಿದಳು. ಯುಲ್ವಾನ್ ಪಿನ್ನನ್ನು ಬೆರಳಿನಲ್ಲಿ ಹಿಡಿದು ಎಳೆದಳು. ಅವನು ಕದಲಲಿಲ್ಲ. ತನ್ನಂಥದೇ ಮರಗಟ್ಟಿದ ಮೈ. ಅವಳಿಗೆ ಇದು ಹುಣ್ಣಿಮೆಯಿಂದೀಚೆಗೆ ಬಂದದ್ದು. ಇವನು ಎಷ್ಟು ವರ್ಷದಿಂದ ಹೀಗಿದ್ದನೋ. ಶಾಲೆಯ ಲಂಗದಲ್ಲಿ, ಹಬ್ಬದ ಬಟ್ಟೆಯಲ್ಲಿ, ಪ್ರತಿ ಫೋಟೋದಲ್ಲಿ.

"ತೆಗೆದುಬಿಡಿ," ಎಂದಳು.

"ಬೇರೆ ಬಣ್ಣ ತೋರಿಸ್ಲಾ?"

"ಬೇಡ. ಗೌನೇ ಬೇಡ. ತೆಗೀರಿ."

ಆಚೆ ಬಂದು ಎದುರಿನ ಅಂಗಡಿಯಲ್ಲಿ ಟರ್ಕಿ ಕೋಳಿಯ ಅನ್ನ ತಿಂದರು. ಯೀಜೆನ್ ತನ್ನ ಶರ್ಟಿನೊಳಗೆ ವಾಪಸು ಬಂದಿದ್ದ. ಎರಡು ಬಟ್ಟಲು ಖಾಲಿ ಮಾಡಿದ.

"ಯಾಕೆ ಒಪ್ಕೊಂಡಿದ್ದು?" ಎಂದು ಯುಲ್ವಾನ್ ಕೇಳಿದಳು.

"ನಿಂಗೆ ಸುಸ್ತಾಗಿತ್ತು. ನೋಡಿದ್ರೇ ಗೊತ್ತಾಗ್ತಿತ್ತು."

ಅವಳು ಸಾರಿಗೆ ಮೆಣಸು ಉದುರಿಸಿದಳು. "ಒಂದು ಕೇಳ್ತೀನಿ. ಪೋಯೆನ್‌ಗೆ ಯಾವುದಾದ್ರೂ ಆಗತ್ತಾ? ಹೆಣ್ಣಾಗಿದ್ರೂ?"

"ಇಲ್ಲಮ್ಮ. ಅವನು ಮೊದಲಿಂದ್ಲೂ ಗಂಡಸರನ್ನೇ ಇಷ್ಟಪಡೋನು. ಹೆಂಗಸಾಗಿದ್ರೆ ನನ್ನ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ."

"ಅಂದ್ರೆ ಅವನ ಕಣ್ಣಿಗೆ..."

"ಹೂಂ. ಅವನಿಗೆ ನಾನು ಹಾಗೇ ಕಾಣಿಸಿದ್ದು. ಹೇಳಿಕೊಡ್ಬೇಕಾಗ್ಲಿಲ್ಲ."

ಯುಲ್ವಾನ್ ಅದನ್ನು ಅನ್ನದ ಜೊತೆ ನಿಧಾನವಾಗಿ ಅಗಿದಳು. ತಾನು ಹೆತ್ತು, ಮೀಯಿಸಿ, ಜಡೆ ಹಾಕಿ ಬೆಳೆಸಿದವಳು. ಬೇಕರಿಯ ಹುಡುಗನೊಬ್ಬನಿಗೆ ಮೊದಲ ನೋಟಕ್ಕೆ ಕಂಡದ್ದು ತನಗೆ ಕಂಡಿರಲಿಲ್ಲ. ನೋವಾಗಬೇಕಾದ ಮಾತು. ಸ್ವಲ್ಪ ಆಯಿತು ಕೂಡ, ಎಲ್ಲೋ ದೂರದಲ್ಲಿ.

"ಅಡಿಗೆಯವನಿಗೆ ಬೇಡ ಅಂತ ಹೇಳ್ತೀಯಾ?" ಎಂದ ಯೀಜೆನ್.

"ಯಾಕೆ? ಊಟ ಊಟಾನೇ. ಎರಡು ಸೂಟು ಹೊಲಿಸ್ಕೊಳ್ಳಿ."

ಮನೆಯಲ್ಲಿ ಆ ಸಂಜೆ ದೊಡ್ಡ ಜಗಳವಾಯಿತು. ಚಿಂಗ್‌ಫಾ ಬಲೆಯ ಹಗ್ಗವನ್ನು ಅಂಗಳಕ್ಕೆ ಎಸೆದ.

"ಊರೆಲ್ಲ ಕರೆದಾಗಿದೆ! ಅಕ್ಕ ಕಾವ್‌ಶಿಯುಂಗಿಂದ ಬಸ್ಸು ಮಾಡ್ಕೊಂಡು ಜನ ಕರ್ಕೊಂಡು ಬರ್ತಿದಾಳೆ. ಏನಂತ ಹೇಳೋದು ಅವಳಿಗೆ?"

"ನಾನು ಹೇಳ್ತೀನಿ."

"ನಿನ್ನ ಕೈಲಿ ಆಗಲ್ಲ ಅಂತಿದ್ಯಲ್ಲ?"

"ಆಗಲ್ಲ. ಆದ್ರೂ ಹೇಳ್ತೀನಿ. ರೀ, ಪಿನ್ನು ಚುಚ್ಚಿ ರಕ್ತ ಬರ್ತಿತ್ತು, ಮಗೂಗೆ ಗೊತ್ತೇ ಇಲ್ಲ. ಅಂಥ ಮದುವೆ ಮಾಡಿ ನಾವು ಯಾರಿಗೆ ಊಟ ಹಾಕೋದು?"

"ಒಂದು ದಿನ ತಡ್ಕೊಳ್ಳೋಕಾಗಲ್ವಾ? ನಾನು ಇಡೀ ಜೀವಮಾನ ತಡ್ಕೊಂಡಿಲ್ವಾ? ಆ ಚಳೀಲಿ ಆ ನೀರಲ್ಲಿ?"

"ನೀವು ಮನೆಗೆ ಬಂದು ಬೂಟು ಬಿಚ್ತೀರ," ಎಂದಳು ಯುಲ್ವಾನ್. "ಆ ಮಗು ಯಾವಾಗ ಬಿಚ್ಚೋದು?"

ಅಜ್ಜಿ ಒಳಗಿನಿಂದ ಕೂಗಿದಳು: "ಯಾಕೋ ಚಿಂಗ್‌ಫಾ ಹಾಗೆ ಅರಚ್ತೀಯ? ನಂಗೆ ಕಿವುಡು ಇರೋದು, ಅವಳಿಗಲ್ಲ!"

"ಅವತ್ತು ನಾನು ಸಮುದ್ರಕ್ಕೆ ಹೋಗ್ತೀನಿ," ಎಂದ ಚಿಂಗ್‌ಫಾ. "ನೀವೇ ಉಣ್ಣಿ."

ಮಾರನೆಯ ಬೆಳಗ್ಗೆ ಯುಲ್ವಾನ್ ಶೆಡ್ಡಿಗೆ ಹೋಗಿ, ತನ್ನ ಮಣೆಯ ಮೇಲೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದಳು. ಈ ಸಲ ಸವಾಲಿನ ದನಿ ಇರಲಿಲ್ಲ. ಸಿಂಪಿಯ ದರ ಹೇಳಿದ ಹಾಗೆ ಹೇಳಿದಳು. ಮದುವೆಯಾಗುತ್ತಿರುವುದು ತನ್ನ ಮಗ, ಯೀಜೆನ್ ಎಂದೇ ಹೆಸರು, ಮದುವೆಯಾಗುವವನೂ ಹುಡುಗನೇ, ಊಟಕ್ಕೆ ಬರುವವರು ಬರಲಿ. "ಮಗ" ಎಂಬ ಮಾತು ಅವಳ ಬಾಯಿಂದ ಮೊದಲ ಸಲ ಹೊರಬಿದ್ದದ್ದು ಹಾಗೆ, ಬೇರೆಯವರ ಮುಂದೆ.

ಚಾಕುಗಳ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

"ಮೆನುವಿನಲ್ಲಿ ಸೀಗಡಿ ಇದೆಯಾ?" ಎಂದು ಶೂಮೇ ಕೇಳಿದಳು.

"ಇದೆ."

"ಹಾಗಾದ್ರೆ ಬರ್ತೀನಿ."

ಬೀಯುನ್ ಮಾತ್ರ ಫೋನಿನಲ್ಲಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಲೈನು ಸರಿಯಿಲ್ಲ, ಬಂದಾಗ ಮಾತಾಡೋಣ" ಎಂದು ಇಟ್ಟಳು.

ಆ ದಿನ ಬಿಸಿಲಿತ್ತು, ಗಾಳಿಯೂ ಇತ್ತು. ಶಾಮಿಯಾನದ ಬಟ್ಟೆ ಪಟಪಟ ಎನ್ನುತ್ತಿತ್ತು. ರಸ್ತೆಯ ಅಂಚಿನಲ್ಲಿ ಅಡಿಗೆಯವನ ಹಬೆಯ ಬುಟ್ಟಿಗಳು ಒಂದರ ಮೇಲೊಂದು ಏರಿದ್ದವು. ಚಿಂಗ್‌ಫಾ ನಸುಕಿಗೇ ದೋಣಿ ತೆಗೆದುಕೊಂಡು ಹೋಗಿದ್ದ. ಮಧ್ಯಾಹ್ನಕ್ಕೆ ಅರ್ಧ ಮೇಜುಗಳು ತುಂಬಿದವು, ಉಳಿದವುಗಳ ಮೇಲೆ ಕೆಂಪು ಪ್ಲಾಸ್ಟಿಕ್ ಹಾಳೆ ಹಾಗೇ ಹಾರಾಡಿತು. ಯೀಜೆನ್, ಪೋಯೆನ್ ಇಬ್ಬರೂ ಕಡುನೀಲಿ ಸೂಟಿನಲ್ಲಿ ನಿಂತಿದ್ದರು. ಯೀಜೆನ್‌ನ ಮೀಸೆ ಅಷ್ಟಿಷ್ಟು ಮತ್ತೆ ಬಂದಿತ್ತು. ಅಜ್ಜಿ ಮೊದಲ ಮೇಜಿನಲ್ಲಿ ಕೂತು, ಬಂದವರಿಗೆಲ್ಲ "ಎರಡರಲ್ಲಿ ಎತ್ತರದೋನು ನಮ್ಮೋನು" ಎಂದು ತೋರಿಸುತ್ತಿದ್ದಳು.

ಬೀಯುನ್ ಬಸ್ಸಿನಿಂದ ಇಳಿದವಳು ನೇರ ಯುಲ್ವಾನ್ ಹತ್ತಿರ ಬಂದಳು. ಅವಳ ಹಿಂದೆ ಕಾವ್‌ಶಿಯುಂಗಿನ ನೆಂಟರು.

"ಮದುಮಗಳು ಎಲ್ಲಿ?"

"ಫೋನಲ್ಲಿ ಹೇಳಿದ್ನಲ್ಲ ಅತ್ತಿಗೆ."

"ನೀನು ಏನೋ ಗೊಣಗಿದೆ. ಹುಡುಗಿ ಎಲ್ಲಿ?"

"ಹುಡುಗಿ ಇಲ್ಲ. ಇಬ್ಬರೂ ಗಂಡೇ. ಅಲ್ಲಿ ನಿಂತಿದಾರೆ." ಯುಲ್ವಾನ್ ಕುರ್ಚಿ ಎಳೆದಳು. "ಕೂತ್ಕೊಳ್ಳಿ. ಸಾರು ಆರುತ್ತೆ."

ಬೀಯುನ್ ಒಮ್ಮೆ ಬಸ್ಸಿನ ಕಡೆ ನೋಡಿದಳು, ಒಮ್ಮೆ ಮೇಜಿನ ಕಡೆ. ಜೊತೆಯವರಲ್ಲಿ ಇಬ್ಬರು ಆಗಲೇ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಮುಖ ಬಿಗಿದುಕೊಂಡೇ ಅವಳೂ ಕೂತಳು. ಬಡಿಸಿದ್ದರಲ್ಲಿ ಒಂದನ್ನೂ ಬಿಡಲಿಲ್ಲ.

ಜನ ಕರಗುವ ಹೊತ್ತಿಗೆ ಚಿಂಗ್‌ಫಾ ಬಂದ. ಬೂಟಿನಿಂದ ನೀರು ಸೋರುತ್ತಿತ್ತು. ಯಾರನ್ನೂ ನೋಡದೆ ಶಾಮಿಯಾನದ ಕೊನೆಯಲ್ಲಿ, ಯಾರೂ ಬಾರದ ಒಂದು ಮೇಜಿಗೆ ಹೋಗಿ ಕೂತ. ಯುಲ್ವಾನ್ ಮೀನಿನ ದೊಡ್ಡ ಬೋಗುಣಿ ಬಿಸಿ ಮಾಡಿಸಿ ತಂದು ಅವನ ಮುಂದೆ ಇಟ್ಟಳು. ಪಕ್ಕದಲ್ಲಿ ನಿಂತಳು.

ಯೀಜೆನ್ ಒಂದು ಲೋಟ ಅಕ್ಕಿ ಮದ್ಯ ತಂದು ಎರಡೂ ಕೈಯಲ್ಲಿ ಹಿಡಿದು ನಿಂತ. ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಪೋಯೆನ್, ಬರಬೇಕೋ ಬೇಡವೋ ಎಂದು ತಿಳಿಯದೆ. ಚಿಂಗ್‌ಫಾ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ಕೆಳಗಿಟ್ಟ. ಕಡ್ಡಿಯಿಂದ ಮೀನನ್ನು ಎರಡು ಭಾಗ ಮಾಡಿದ.

"ಬೆಳಗ್ಗೆಯಿಂದ ನಿಂತೇ ಇದೀರಾ?"

"ಹೂಂ ಅಪ್ಪ."

"ಕೂತ್ಕೊಳ್ಳಿ."

ಇಬ್ಬರೂ ಕೂತರು. ಚಿಂಗ್‌ಫಾ ಮೀನಿನ ತಲೆಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಹಿಡಿದ. ಪೋಯೆನ್ ಕಡೆ ನೋಡಲಿಲ್ಲ.

"ಲೋ," ಎಂದ, "ನಿನ್ನ ಗಂಡ ಮೀನಿನ ತಲೆ ತಿಂತಾನೇನೋ, ಕೇಳು."

ಪೋಯೆನ್ ಬಟ್ಟಲನ್ನು ಮುಂದಕ್ಕೆ ಚಾಚಿದ.